ದುಡ್ಡೂ ಉಳಿಯಿತು, ಕೆಲಸವೂ ಉಳಿಯಿತು: ಪುರಸಭೆಯ ಉಳಿತಾಯ ಬಜೆಟ್ ಓದುವುದು ಹೇಗೆ?

ಫೆಬ್ರವರಿ, ಮಾರ್ಚ್ ಬಂತೆಂದರೆ ಜಿಲ್ಲಾ ಪುಟಗಳಲ್ಲಿ ಒಂದೇ ಬಗೆಯ ಸುದ್ದಿ. ಇಂಥ ಪುರಸಭೆಯಲ್ಲಿ ಇಷ್ಟು ಲಕ್ಷ ರೂಪಾಯಿ ಉಳಿತಾಯ ಬಜೆಟ್ ಮಂಡನೆ. ಅಧ್ಯಕ್ಷರು ಬಜೆಟ್ ಪುಸ್ತಕ ಹಿಡಿದು ನಿಂತ ಫೋಟೊ, ಪಕ್ಕದಲ್ಲಿ ಮುಖ್ಯಾಧಿಕಾರಿ. ಅದೇ ವಾರ ಅದೇ ಊರಿಂದ ಇನ್ನೊಂದು ಸುದ್ದಿಯೂ ಬಂದಿರುತ್ತದೆ. ವಾರಕ್ಕೊಮ್ಮೆ ನೀರು, ಖಾಲಿ ಕೊಡ ಹಿಡಿದು ಪ್ರತಿಭಟನೆ.

ಎರಡನ್ನೂ ಓದಿದವರು ಕೇಳುವ ಪ್ರಶ್ನೆ ಸಹಜವಾದದ್ದು. ದುಡ್ಡು ಉಳಿದಿದೆ ಎಂದಾದರೆ ಪೈಪ್ ಯಾಕೆ ಹಾಕಲಿಲ್ಲ? ಚರಂಡಿ ಯಾಕೆ ಅರ್ಧಕ್ಕೆ ನಿಂತಿದೆ? ಯಾರೋ ತಿಂದರು ಎಂಬ ಉತ್ತರ ಥಟ್ಟನೆ ಬಾಯಿಗೆ ಬರುತ್ತದೆ. ಕೆಲವು ಕಡೆ ಅದು ನಿಜವೂ ಇರಬಹುದು. ಆದರೆ ಒಂದು ರೂಪಾಯಿಯೂ ಸೋರದ ಪುರಸಭೆಯಲ್ಲೂ ಹೀಗೇ ಆಗುತ್ತದೆ. ಉಳಿತಾಯ ಬಜೆಟ್ ಎಂಬ ಮಾತಿಗೆ ಮನೆಯಲ್ಲಿ ಇರುವ ಅರ್ಥವೇ ಬೇರೆ, ಪುರಸಭೆಯ ಲೆಕ್ಕದಲ್ಲಿ ಇರುವ ಅರ್ಥವೇ ಬೇರೆ.

ಉಳಿತಾಯ ಹುಟ್ಟುವುದು ಎಲ್ಲಿ?

ಮನೆಯಲ್ಲಿ ಉಳಿತಾಯ ಎಂದರೆ ಖರ್ಚೆಲ್ಲ ಕಳೆದು ಕೈಯಲ್ಲಿ ಉಳಿದದ್ದು. ಪುರಸಭೆಯ ಬಜೆಟ್‌ನಲ್ಲಿ ಉಳಿತಾಯ ಎಂದರೆ ಮುಂದಿನ ವರ್ಷ ಇಷ್ಟು ಬರಬಹುದು, ಇಷ್ಟು ಹೋಗಬಹುದು ಎಂಬ ಎರಡು ಅಂದಾಜುಗಳ ನಡುವಿನ ವ್ಯತ್ಯಾಸ. ಇನ್ನೂ ದುಡ್ಡು ಬಂದಿಲ್ಲ, ಹೋಗಿಯೂ ಇಲ್ಲ.

ಒಂದು ಕಾಲ್ಪನಿಕ ಪುರಸಭೆಯ ಲೆಕ್ಕ ಹಾಕಿ ನೋಡೋಣ. ಆರಂಭಿಕ ಶಿಲ್ಕು 6 ಕೋಟಿ. ವರ್ಷದಲ್ಲಿ ಬರಬಹುದಾದದ್ದು 20 ಕೋಟಿ. ಒಟ್ಟು 26 ಕೋಟಿ. ಖರ್ಚು 25 ಕೋಟಿ 60 ಲಕ್ಷ. ಹಾಗಾದರೆ 40 ಲಕ್ಷ ಉಳಿತಾಯ. ಸುದ್ದಿಯಾಗುವುದು ಈ ಕೊನೆಯ ಸಾಲು ಮಾತ್ರ.

ಮೊದಲ ಸಾಲು ನೋಡಿ. ಆರಂಭಿಕ ಶಿಲ್ಕು 6 ಕೋಟಿ ಎಂದರೆ ಕಳೆದ ವರ್ಷ ಖರ್ಚಾಗದೆ ಉಳಿದ ದುಡ್ಡು. ಅದರಲ್ಲಿ ಟೆಂಡರ್ ಆಗದ ಕಾಮಗಾರಿಗಳ ಹಣ ಇರುತ್ತದೆ. ಗುತ್ತಿಗೆದಾರರಿಗೆ ವಾಪಸ್ ಕೊಡಬೇಕಾದ ಠೇವಣಿ ಇರುತ್ತದೆ. ಕೆಲಸ ಮುಗಿದು ಬಿಲ್ಲು ಆಗದೆ ನಿಂತ ಮೊತ್ತವೂ ಇರುತ್ತದೆ. ಇದನ್ನು ಸುಮ್ನೆ ಕೈಯಲ್ಲಿರುವ ದುಡ್ಡು ಎನ್ನುವ ಹಾಗಿಲ್ಲ.

ಎರಡನೇ ಸಾಲಿನ 20 ಕೋಟಿಯಲ್ಲಿ ಸರ್ಕಾರದ ಅನುದಾನ, ಆಸ್ತಿ ತೆರಿಗೆ, ನೀರಿನ ಕಂದಾಯ, ಮಳಿಗೆ ಬಾಡಿಗೆ, ಸಂತೆ ಸುಂಕ, ಉದ್ಯಮ ಪರವಾನಗಿ, ಖಾತೆ ಬದಲಾವಣೆ ಶುಲ್ಕ ಎಲ್ಲ ಸೇರಿವೆ. ವರ್ಷದ ಕೊನೆಗೆ ಬಂದದ್ದು 13 ಕೋಟಿ ಎಂದುಕೊಳ್ಳಿ. ಆಗ ಏನಾಗುತ್ತದೆ? ಸಂಬಳ ನಿಲ್ಲಿಸಲಾಗದು. ಕರೆಂಟ್ ಬಿಲ್ಲು ಕಟ್ಟಲೇಬೇಕು. ಕಸದ ಗಾಡಿಗೆ ಡೀಸೆಲ್ ಹಾಕಿಸಲೇಬೇಕು. ಬಿಟ್ಟುಹೋಗುವುದು ಚರಂಡಿ, ರಸ್ತೆ, ಉದ್ಯಾನ. ಮುಂದಿನ ಮಾರ್ಚ್‌ನಲ್ಲಿ ಅದೇ ಚರಂಡಿ ಹೊಸ ಬಜೆಟ್‌ನಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಮತ್ತೆ ಉಳಿತಾಯ, ಮತ್ತೆ ಫೋಟೊ.

ಕೊರತೆ ಬಜೆಟ್ ಯಾಕೆ ಮಂಡಿಸುವುದಿಲ್ಲ? ರಾಜ್ಯ ಸರ್ಕಾರ ಕೊರತೆ ತೋರಿಸಿ ಸಾಲ ಎತ್ತಬಹುದು. ಪುರಸಭೆ ಸಾಲ ಮಾಡಬೇಕಾದರೆ ಸರ್ಕಾರದ ಅನುಮತಿ ಬೇಕು. ಕೊರತೆ ತುಂಬಿಸುವ ದಾರಿ ಇಲ್ಲದವರು ಕೊರತೆ ಬರೆಯುವುದಾದರೂ ಹೇಗೆ? ಆದ್ದರಿಂದ ಬರುವ ಹಣವನ್ನು ಖರ್ಚಿಗೆ ಹೊಂದುವ ಹಾಗೆ ಉಬ್ಬಿಸಿ ಬರೆಯುವುದು ರೂಢಿಯಾಗಿದೆ.

ಪುಸ್ತಕದಲ್ಲಿ ಬೇರೆಯವರ ದುಡ್ಡು

ಆಸ್ತಿ ತೆರಿಗೆ ರಸೀದಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ತೆರಿಗೆಯ ಕೆಳಗೆ ನಾಲ್ಕು ಸಣ್ಣ ಸಾಲುಗಳಿರುತ್ತವೆ. ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3, ನಗರ ಸಾರಿಗೆ ಕರ ಶೇ 2. ಅಂದರೆ 1,000 ರೂಪಾಯಿ ತೆರಿಗೆಯ ಮೇಲೆ ಇನ್ನೂ 260 ರೂಪಾಯಿ. ಇದನ್ನು ವಸೂಲಿ ಮಾಡುವುದು ಪುರಸಭೆ, ಆದರೆ ಇದು ಪುರಸಭೆಯದಲ್ಲ. ಗ್ರಂಥಾಲಯ ಕರ ಗ್ರಂಥಾಲಯಗಳಿಗೆ ಹೋಗಬೇಕು. ಭಿಕ್ಷುಕರ ಕರ ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಹೋಗಬೇಕು. ಹಾಗೆಯೇ ಗುತ್ತಿಗೆದಾರರ ಬಿಲ್ಲಿನಲ್ಲಿ ಹಿಡಿದ ಆದಾಯ ತೆರಿಗೆ, ಶೇ 1ರ ಕಟ್ಟಡ ಕಾರ್ಮಿಕರ ಸೆಸ್, ಭದ್ರತಾ ಠೇವಣಿ. ಒಂದು ಕಡೆ ಬಂದು ಇನ್ನೊಂದು ಕಡೆ ಹೋಗುವ ಈ ಹಣವೂ ಬಜೆಟ್‌ನ ಒಟ್ಟು ಮೊತ್ತವನ್ನು ದೊಡ್ಡದು ಮಾಡಿ ತೋರಿಸುತ್ತದೆ.

ಊರಿನ ಸ್ವಂತ ದುಡ್ಡು ಎಷ್ಟು ಎಂದು ತಿಳಿಯಬೇಕಾದರೆ ಇದನ್ನೆಲ್ಲ ಬದಿಗಿಟ್ಟು ನೋಡಬೇಕು. ಹಾಗೆ ನೋಡಿದಾಗ ಕೋಟಿಗಳ ಬಜೆಟ್ ಥಟ್ಟನೆ ಸಣ್ಣದಾಗುತ್ತದೆ. ಇದು ನಮ್ಮ ರಾಜ್ಯದ ಕಥೆ ಮಾತ್ರವಲ್ಲ. ದೇಶದ ಎಲ್ಲ ನಗರಾಡಳಿತಗಳ ವರಮಾನ ಸೇರಿಸಿದರೂ ಜಿಡಿಪಿಯ ಸುಮಾರು ಶೇ 1 ಎಂದು 2022ರಲ್ಲಿ ರಿಸರ್ವ್ ಬ್ಯಾಂಕಿನ ವರದಿ ಹೇಳಿತು. ಬ್ರೆಜಿಲ್‌ನಲ್ಲಿ ಇದು ಶೇ 7ಕ್ಕಿಂತ ಜಾಸ್ತಿ.

ಹೆಸರು ಬರೆದೇ ಬರುವ ಅನುದಾನ

ಉಳಿದದ್ದು ಮೇಲಿನಿಂದ ಬರುವ ಅನುದಾನ. ಅದು ಬರುವಾಗಲೇ ಅದರ ಮೇಲೆ ಹೆಸರು ಬರೆದಿರುತ್ತದೆ. ರಾಜ್ಯ ಹಣಕಾಸು ಆಯೋಗದ ಅನುದಾನ, ಅಂದರೆ ಕಚೇರಿಗಳಲ್ಲಿ ಎಲ್ಲರೂ ಹೇಳುವ ಎಸ್‌ಎಫ್‌ಸಿ, ವೇತನಕ್ಕೆ ಒಂದು, ವಿದ್ಯುತ್ತಿಗೆ ಒಂದು ಎಂದು ಬೇರೆ ಬೇರೆಯಾಗಿ ಬರುತ್ತದೆ. ಅದರಲ್ಲಿ ಊರು ತನಗೆ ಬೇಕಾದ ಕೆಲಸಕ್ಕೆ ಬಳಸಬಹುದಾದದ್ದು ಮುಕ್ತನಿಧಿ.

ಕೇಂದ್ರದ 15ನೇ ಹಣಕಾಸು ಆಯೋಗ 2021ರಿಂದ 2026ರ ಮಾರ್ಚ್‌ವರೆಗಿನ ಐದು ವರ್ಷಕ್ಕೆ ಸಣ್ಣ ಪಟ್ಟಣಗಳಿಗೆ ಹಾಕಿದ ನಿಯಮವೂ ಹೀಗೆಯೇ ಇತ್ತು. ನೂರು ರೂಪಾಯಿಯಲ್ಲಿ 40 ಮಾತ್ರ ಮುಕ್ತ. 30 ರೂಪಾಯಿ ಕುಡಿಯುವ ನೀರು, ಮಳೆನೀರು ಸಂಗ್ರಹ, ನೀರಿನ ಮರುಬಳಕೆಗೆ. ಇನ್ನು 30 ರೂಪಾಯಿ ನೈರ್ಮಲ್ಯಕ್ಕೆ. ಲೆಕ್ಕಪತ್ರವನ್ನು ಆನ್‌ಲೈನ್‌ನಲ್ಲಿ ಪ್ರಕಟಿಸಬೇಕು, ಆಸ್ತಿ ತೆರಿಗೆಗೆ ಕನಿಷ್ಠ ದರ ನಿಗದಿಯಾಗಬೇಕು ಎಂಬ ಷರತ್ತು ಬೇರೆ. ಇದರ ಜೊತೆಗೆ ರಾಜ್ಯದ ನಿಯಮದಂತೆ ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರ ಕಲ್ಯಾಣಕ್ಕೆ, ಶೇ 7.25 ಇತರೆ ಬಡವರಿಗೆ, ಶೇ 5 ಅಂಗವಿಕಲರಿಗೆ ಎತ್ತಿಡಬೇಕು. ಈ ಮೀಸಲು ಅತ್ಯಗತ್ಯ. ಅದಿಲ್ಲದಿದ್ದರೆ ಊರ ಕೊನೆಯ ಕೇರಿಗೆ ದೀಪದ ಕಂಬವೂ ಬರುವುದಿಲ್ಲ ಎಂಬುದು ನಮ್ಮ ಊರುಗಳನ್ನು ನೋಡಿದ ಯಾರಿಗಾದರೂ ಗೊತ್ತು.

ಹೆಸರು ಬರೆದ ಹಣ ಸರಿಯೋ ತಪ್ಪೋ ಎಂಬ ಬಗ್ಗೆ ಎರಡು ವಾದಗಳಿವೆ. ಕೈಗೆ ದುಡ್ಡು ಕೊಟ್ಟರೆ ಎಲ್ಲ ಸದಸ್ಯರೂ ಅದನ್ನು ತಮ್ಮ ವಾರ್ಡಿಗೆ ಇಷ್ಟಿಷ್ಟು ಎಂದು ಸಮವಾಗಿ ಹಂಚಿಕೊಳ್ಳುತ್ತಾರೆ, ಊರಿಗೆಲ್ಲ ಬೇಕಾದ ಕಸ ವಿಲೇವಾರಿ ಘಟಕದಂಥ ಕೆಲಸ ಯಾರದ್ದೂ ಆಗುವುದಿಲ್ಲ ಎನ್ನುತ್ತಾರೆ ಅಧಿಕಾರಿಗಳು. ಜನ ಬಂದು ಬಾಗಿಲು ಬಡಿಯುವುದು ನಮ್ಮ ಮನೆಯದ್ದು, ತೀರ್ಮಾನ ಮಾತ್ರ ಬೆಂಗಳೂರಿನದ್ದು ಎನ್ನುತ್ತಾರೆ ಸದಸ್ಯರು. ಎರಡರಲ್ಲೂ ಹುರುಳಿದೆ. ಆದರೆ ಸಂವಿಧಾನದ 74ನೇ ತಿದ್ದುಪಡಿ 1993ರಿಂದ ಜಾರಿಯಲ್ಲಿದೆ. ಅದರ 12ನೇ ಪಟ್ಟಿಯಲ್ಲಿ ರಸ್ತೆ, ನೀರು, ನೈರ್ಮಲ್ಯ ಸೇರಿ 18 ವಿಷಯಗಳನ್ನು ನಗರಾಡಳಿತಗಳಿಗೆಂದೇ ಹೆಸರಿಸಲಾಗಿದೆ. ಮೂವತ್ತು ವರ್ಷ ದಾಟಿದ ಮೇಲೂ ಪಟ್ಟಣಗಳಿಗೆ ಸಾಮರ್ಥ್ಯ ಇಲ್ಲ ಎನ್ನುವುದಾದರೆ, ಆ ಸಾಮರ್ಥ್ಯ ಬೆಳೆಸಬೇಕಿದ್ದವರು ಯಾರು ಎಂದೂ ಕೇಳಬೇಕಾಗುತ್ತದೆ, ಅಲ್ವಾ?

ಒಂದು ಕಾಂಕ್ರೀಟ್ ರಸ್ತೆಯ ಹಿಂದೆ

ದುಡ್ಡು ಬಂದಿದೆ ಎಂದೇ ಇಟ್ಟುಕೊಳ್ಳೋಣ. ಒಂದು ಓಣಿಗೆ ಕಾಂಕ್ರೀಟ್ ರಸ್ತೆ ಆಗಬೇಕು. ಮೊದಲು ಕ್ರಿಯಾ ಯೋಜನೆ, ಅಂದರೆ ಯಾವ ಹಣದಲ್ಲಿ ಯಾವ ಕೆಲಸ ಎಂಬ ಪಟ್ಟಿ. ಅದಕ್ಕೆ ಸಾಮಾನ್ಯ ಸಭೆಯ ಒಪ್ಪಿಗೆ. ಅಲ್ಲಿಂದ ಕಡತ ಜಿಲ್ಲಾಧಿಕಾರಿ ಕಚೇರಿಯ ನಗರಾಭಿವೃದ್ಧಿ ಕೋಶಕ್ಕೆ. ಅನುಮೋದನೆ ಬಂದ ಮೇಲೆ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ. ಆಮೇಲೆ ಸರ್ಕಾರಿ ಕೆಲಸ, ಖರೀದಿಗಳಿಗೆ ಇರುವ 1999ರ ಪಾರದರ್ಶಕ ಕಾಯ್ದೆಯ ಪ್ರಕಾರ ಆನ್‌ಲೈನ್ ಟೆಂಡರ್. ಯಾರೂ ಹಾಕದಿದ್ದರೆ ಮರುಟೆಂಡರ್. ಕೊನೆಗೆ ಕಾರ್ಯಾದೇಶ. ನಡುವೆ ಯಾವುದಾದರೂ ಚುನಾವಣೆ ಘೋಷಣೆಯಾದರೆ ನೀತಿ ಸಂಹಿತೆ, ಹೊಸ ಕೆಲಸಗಳೆಲ್ಲ ಅಲ್ಲಿಗೇ ನಿಂತವು.

ಏಪ್ರಿಲ್‌ನಲ್ಲಿ ಶುರುವಾದ ಕಡತ ಇಷ್ಟೆಲ್ಲ ಮೆಟ್ಟಿಲು ಹತ್ತುವಷ್ಟರಲ್ಲಿ ಮಳೆಗಾಲ ಬಂದು ಹೋಗಿರುತ್ತದೆ. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ರಸ್ತೆ ಕೆಲಸದ ಮಾತೇ ಇಲ್ಲ. ಹೀಗಾಗಿ ಕೆಲಸಗಳೆಲ್ಲ ಬಂದು ಬೀಳುವುದು ಜನವರಿಯಿಂದ ಮಾರ್ಚ್ ನಡುವೆ. ಮಾರ್ಚ್ 31ರೊಳಗೆ ಬಿಲ್ಲು ಆಗಬೇಕು ಎಂಬ ಅವಸರ ಎಲ್ಲರಿಗೂ.

ಈ ಅವಸರದ ಬೆಲೆ ಏನು ಎಂಬುದನ್ನು ಓಣಿಯಲ್ಲಿ ನಿಂತು ನೋಡಬಹುದು. ಕಾಂಕ್ರೀಟ್ ಹಾಕಿದರೆ ಸಾಲದು. ಅದರ ಮೇಲೆ ಗೋಣಿಚೀಲ ಹೊದಿಸಿ, ಇಲ್ಲವೇ ಮಣ್ಣಿನ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿ, ಎರಡು ವಾರವಾದರೂ ಹಸಿಯಾಗಿ ಇಡಬೇಕು. ಮೇಸ್ತ್ರಿಗಳು ಕ್ಯೂರಿಂಗ್ ಎನ್ನುವುದು ಇದಕ್ಕೇ. ಮಾರ್ಚ್ ಬಿಸಿಲಲ್ಲಿ ಬೆಳಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಇಲ್ಲ. ಕುಡಿಯಲಿಕ್ಕೇ ನೀರಿಲ್ಲದ ತಿಂಗಳಲ್ಲಿ ರಸ್ತೆಗೆ ಟ್ಯಾಂಕರ್ ತರಿಸುವವರು ಯಾರು? ಮೂರನೇ ದಿನಕ್ಕೆ ಗೋಣಿಚೀಲ ಒಣಗಿರುತ್ತದೆ. ನಾಲ್ಕನೇ ದಿನ ಆಟೊ ಓಡುತ್ತದೆ. ಮುಂದಿನ ಬೇಸಿಗೆಗೆ ಮೇಲಿನ ಪದರ ಪುಡಿಯಾಗಿ ಜಲ್ಲಿ ಕಣ್ಣಿಗೆ ಕಾಣುತ್ತದೆ. ಎಂಜಿನಿಯರ್ ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ದಪ್ಪ ಸರಿಯಾಗಿಯೇ ಬರೆದಿರುತ್ತಾರೆ. ಆ ಪುಸ್ತಕದಲ್ಲಿ ಅಳತೆಗೆ ಜಾಗ ಇದೆ, ಎಷ್ಟು ದಿನ ನೀರು ಹಾಕಿದರು ಎನ್ನುವುದಕ್ಕೆ ಇಲ್ಲ.

ಅಂದರೆ ಹಣ ತಡವಾಗಿ ಬಂದರೆ ಕೆಲಸ ತಡವಾಗುವುದಷ್ಟೇ ಅಲ್ಲ. ಕೆಲಸದ ಗುಣವೂ ಹಾಳಾಗುತ್ತದೆ. ಆ ರಸ್ತೆಯನ್ನು ಮತ್ತೆ ಮಾಡಬೇಕಾಗುತ್ತದೆ, ಅದಕ್ಕೆ ಮತ್ತೆ ದುಡ್ಡು ಬೇಕಾಗುತ್ತದೆ.

ರಸ್ತೆ ಒಬ್ಬರದು, ಪೈಪ್ ಇನ್ನೊಬ್ಬರದು

ರಸ್ತೆ ಹಾಕಿದ ಆರೇ ತಿಂಗಳಿಗೆ ಅಗೆಯುತ್ತಾರಲ್ಲ, ಬುದ್ಧಿ ಇಲ್ವಾ ಇವರಿಗೆ ಎಂದು ಎಲ್ಲರೂ ಬೈಯುತ್ತೇವೆ. ಇಲ್ಲಿ ಬುದ್ಧಿಯ ಕೊರತೆಗಿಂತ ಹೆಚ್ಚಾಗಿ ಒಂದೇ ಓಣಿಗೆ ಮೂರು ಯಜಮಾನರು ಇರುವುದೇ ಸಮಸ್ಯೆ.

ಬೆಂಗಳೂರು ಬಿಟ್ಟು ಉಳಿದ ಪಟ್ಟಣಗಳಲ್ಲಿ ದೊಡ್ಡ ನೀರಿನ ಯೋಜನೆ, ಒಳಚರಂಡಿ ಯೋಜನೆಗಳನ್ನು ರೂಪಿಸಿ ಕಟ್ಟಿಸುವುದು ಹೆಚ್ಚಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಕಟ್ಟಿಸಿದ ಮೇಲೆ ನಡೆಸಿಕೊಂಡು ಹೋಗಿ ಎಂದು ಪುರಸಭೆಗೆ ಒಪ್ಪಿಸುತ್ತಾರೆ. ಮನೆಮನೆಗೆ ನಲ್ಲಿ ಕೊಡುವ ಕೇಂದ್ರದ ಅಮೃತ್ 2.0 ಯೋಜನೆ 2021ರ ಅಕ್ಟೋಬರ್‌ನಲ್ಲಿ ಶುರುವಾಯಿತು. ರಾಜ್ಯದ ನಗರೋತ್ಥಾನ ಯೋಜನೆಯಲ್ಲಿ ರಸ್ತೆ, ಚರಂಡಿ ಆಗುತ್ತವೆ. ಪುರಸಭೆಯ ಸ್ವಂತ ಮುಕ್ತನಿಧಿಯ ಕೆಲಸ ಬೇರೆ. ಪ್ರತಿಯೊಂದಕ್ಕೂ ಬೇರೆ ಮಂಜೂರಾತಿ, ಬೇರೆ ಗಡುವು, ಬೇರೆ ಗುತ್ತಿಗೆದಾರ.

ರಸ್ತೆಯ ಹಣಕ್ಕೆ ಈ ವರ್ಷ ಗಡುವು. ಪೈಪಿನ ಮಂಜೂರಾತಿ ಬರುವುದು ಮುಂದಿನ ವರ್ಷ. ಪೈಪ್ ಬರಲಿ ಎಂದು ಕಾದರೆ ರಸ್ತೆಯ ಹಣ ವಾಪಸ್ ಹೋಗುವ ಭಯ. ಹಾಗಾಗಿ ರಸ್ತೆ ಮೊದಲು, ಪೈಪ್ ಆಮೇಲೆ. ಅಗೆದ ಕಾಲುವೆಗೆ ಮಣ್ಣನ್ನು ಪದರ ಪದರವಾಗಿ ದಮ್ಮಸು ಮಾಡಿ ತುಂಬಬೇಕು. ಅವಸರದಲ್ಲಿ ಒಂದೇ ಸಲ ಸುರಿದರೆ ಮೊದಲ ಮಳೆಗೆ ಮಣ್ಣು ಕುಸಿಯುತ್ತದೆ. ರಸ್ತೆಯ ನಡುವೆ ಉದ್ದಕ್ಕೂ ಒಂದು ಗೀರು ಬೀಳುತ್ತದೆ, ಸ್ಕೂಟರಿನ ಚಕ್ರ ಸಿಕ್ಕಿಕೊಳ್ಳುವುದು ಅಲ್ಲೇ.

ಇದಕ್ಕೆ ಪರಿಹಾರ ದೊಡ್ಡದೇನಲ್ಲ. ನೆಲದ ಕೆಳಗಿನ ಕೆಲಸ ಮುಗಿದಿದೆ ಎಂದು ಬರಹದಲ್ಲಿ ಖಚಿತವಾಗುವ ತನಕ ಆ ಓಣಿಯ ರಸ್ತೆ ಕ್ರಿಯಾ ಯೋಜನೆಗೆ ಸೇರಬಾರದು. ಇಷ್ಟು ಮಾಡಬೇಕಾದರೆ ಅನುದಾನವನ್ನು ಎರಡು ಮೂರು ವರ್ಷ ಇಟ್ಟುಕೊಳ್ಳಲು ಪುರಸಭೆಗೆ ಬಿಡಬೇಕು. ವರ್ಷದೊಳಗೆ ಖರ್ಚು ಮಾಡಿದವರೇ ಜಾಣರು ಎಂದು ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಲೆಕ್ಕ ಹಾಕುವ ತನಕ ಇದು ಆಗುವುದಿಲ್ಲ.

ತೆರಿಗೆ ಮೊದಲೋ, ನೀರು ಮೊದಲೋ?

ನೀರೇ ಬರುವುದಿಲ್ಲ, ಕಂದಾಯ ಯಾಕೆ ಕಟ್ಟಬೇಕು ಎನ್ನುತ್ತಾರೆ ಜನ. ಕಂದಾಯವೇ ಬರುವುದಿಲ್ಲ, ಮೋಟಾರ್ ರಿಪೇರಿ ಎಲ್ಲಿಂದ ಮಾಡಿಸಲಿ ಎನ್ನುತ್ತದೆ ಪುರಸಭೆ. ಪ್ರತಿ ಪುರಸಭೆಯಲ್ಲೂ ಬೇಡಿಕೆ, ವಸೂಲಿ, ಬಾಕಿ ಎಂಬ ಮೂರು ಕಾಲಂಗಳ ಪಟ್ಟಿ ಇರುತ್ತದೆ. ಡಿಸಿಬಿ ಎಂದು ಕರೆಯುತ್ತಾರೆ. ಆ ಬಾಕಿ ಕಾಲಂ ಬಜೆಟ್ ಪುಸ್ತಕಕ್ಕಿಂತ ಜಾಸ್ತಿ ಸತ್ಯ ಹೇಳುತ್ತದೆ.

ಆಸ್ತಿ ತೆರಿಗೆಯನ್ನು ಮೊದಲು ಮೂರು ವರ್ಷಕ್ಕೊಮ್ಮೆ ಶೇ 15ರಷ್ಟು ಹೆಚ್ಚಿಸುತ್ತಿದ್ದರು. ಈಗ ಪ್ರತಿವರ್ಷ ಶೇ 3ರಿಂದ 5. ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ. ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ. 2025ರಲ್ಲಿ ಪಟ್ಟಣಗಳ ಅನಧಿಕೃತ ಬಡಾವಣೆಗಳ ಆಸ್ತಿಗಳಿಗೂ ಬಿ ಖಾತಾ, ಅಂದರೆ ತೆರಿಗೆಗಾಗಿ ಇಡುವ ಪ್ರತ್ಯೇಕ ದಾಖಲೆ, ಕೊಡುವ ಅಭಿಯಾನ ನಡೆಯಿತು. ತೆರಿಗೆ ಲೆಕ್ಕದ ಹೊರಗಿದ್ದ ಸಾವಿರಾರು ಮನೆಗಳು ಒಳಗೆ ಬರಲಿ ಎಂಬುದು ಅದರ ಒಂದು ಉದ್ದೇಶ. ಆದರೆ ಆ ಬಡಾವಣೆಗಳ ಜನ ತೆರಿಗೆ ಕಟ್ಟಿದ ಮರುದಿನವೇ ಚರಂಡಿ ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು. ಹೊಸ ವರಮಾನದ ಜೊತೆಗೇ ಹೊಸ ಹೊಣೆಯೂ ಬಂದಿದೆ.

ಸಭೆ ಇಲ್ಲದ ವರ್ಷಗಳು

ಇದೆಲ್ಲ ನಡೆಯಬೇಕಾದದ್ದು ಚುನಾಯಿತ ಸಭೆಯಲ್ಲಿ. ರಾಜ್ಯದ ನೂರಕ್ಕೂ ಹೆಚ್ಚು ನಗರಾಡಳಿತಗಳಿಗೆ 2018ರ ಆಗಸ್ಟ್ 31ರಂದು ಮತದಾನ ಆಯಿತು. ಸದಸ್ಯರು ಗೆದ್ದರು. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿತು. ಹೆಚ್ಚಿನ ಕಡೆ ಅಧ್ಯಕ್ಷರು ಕುರ್ಚಿ ಹತ್ತಿದ್ದು 2020ರ ಕೊನೆಗೆ. ಅವರ ಮೊದಲ 30 ತಿಂಗಳ ಅವಧಿ 2023ರಲ್ಲಿ ಮುಗಿಯಿತು. ಎರಡನೇ ಅವಧಿಯ ಮೀಸಲಾತಿ ಪ್ರಕಟವಾಗಲು 2024ರ ಆಗಸ್ಟ್ ಬರಬೇಕಾಯಿತು. ಈ ಖಾಲಿ ವರ್ಷಗಳಲ್ಲಿ ಆಡಳಿತಾಧಿಕಾರಿಗಳೇ ಬಜೆಟ್‌ಗೆ ಸಹಿ ಹಾಕಿದರು.

ಐದು ವರ್ಷದ ಅವಧಿ ಎಣಿಸುವುದು ಮತದಾನದ ದಿನದಿಂದಲ್ಲ, ಮೊದಲ ಸಭೆಯ ದಿನದಿಂದ. ಗೆದ್ದು ಏಳು ವರ್ಷವಾದ ಮೇಲೂ ಇವರು ಹೇಗೆ ಸದಸ್ಯರು ಎಂದು ಜನ ಗೊಂದಲಕ್ಕೆ ಬಿದ್ದದ್ದು ಇದರಿಂದಲೇ.

ಆಡಳಿತಾಧಿಕಾರಿ ಇದ್ದಾಗ ಕಡತ ಬೇಗ ಓಡುತ್ತದೆ ಎನ್ನುವವರಿದ್ದಾರೆ. ಇರಬಹುದು. ಆದರೆ ಉಪವಿಭಾಗಾಧಿಕಾರಿಗೋ ಜಿಲ್ಲಾಧಿಕಾರಿಗೋ ಹತ್ತಾರು ಜವಾಬ್ದಾರಿಗಳ ನಡುವೆ ಇದು ಒಂದು. ಹದಿನಾಲ್ಕನೇ ವಾರ್ಡಿನ ಕೊನೆಯ ಮನೆಗೆ ವಾಲ್ವ್ ಬಿಡುತ್ತಿಲ್ಲ ಎಂಬುದು ಅವರ ಕಿವಿಗೆ ಬೀಳುವುದಾದರೂ ಹೇಗೆ? ಹಳ್ಳಿಯವರಿಗೆ ಗ್ರಾಮಸಭೆಯಾದರೂ ಇದೆ. ಸಂವಿಧಾನ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಜನಸಂಖ್ಯೆಯ ನಗರಗಳಿಗೆ ಮಾತ್ರ. ನಡುವಿನ ಸಣ್ಣ ಪಟ್ಟಣದವರಿಗೆ ಎದ್ದು ನಿಂತು ಕೇಳಲು ಸಂವಿಧಾನ ಕಡ್ಡಾಯ ಮಾಡಿದ ಅಂಥ ಜಾಗ ಇಲ್ಲ. ಗ್ರಾಮ ಪಂಚಾಯಿತಿಯನ್ನು ಪಟ್ಟಣ ಪಂಚಾಯಿತಿ ಮಾಡಿ ಎಂದು ಕೇಳುವ ಊರುಗಳು ಇದನ್ನು ಗಮನಿಸಬೇಕು. ಬಡ್ತಿ ಸಿಕ್ಕ ದಿನ ಗ್ರಾಮಸಭೆಯೂ ಹೋಗುತ್ತದೆ, ಉದ್ಯೋಗ ಖಾತ್ರಿಯೂ ಹೋಗುತ್ತದೆ.

ದೇವನಹಳ್ಳಿ ತೋರಿಸಿದ್ದು

2011ರ ಜನಗಣತಿಯಲ್ಲಿ ಸುಮಾರು 28 ಸಾವಿರ ಜನರಿದ್ದ ದೇವನಹಳ್ಳಿಯಲ್ಲಿ 2015ರಲ್ಲಿ ಒಂದು ಸಣ್ಣ ಘಟಕ ಶುರುವಾಯಿತು. ಊರಿಗೆಲ್ಲ ಒಳಚರಂಡಿ ಹಾಕುವುದು ದುಬಾರಿ, ವರ್ಷಗಟ್ಟಲೆ ಹಿಡಿಯುವ ಕೆಲಸ. ಅದರ ಬದಲು ಮನೆಗಳ ಪಿಟ್ ಗುಂಡಿಗಳಿಂದ ಹೀರುಗಾಡಿ ತಂದ ಮಲದ ಕೆಸರನ್ನು ಶುದ್ಧ ಮಾಡಿ ಗೊಬ್ಬರ ಮಾಡುವ ಘಟಕ ಅದು. ದಿನಕ್ಕೆ 6,000 ಲೀಟರ್ ಸಾಮರ್ಥ್ಯ. ದೇಶದಲ್ಲಿ ಪಟ್ಟಣದ ಮಟ್ಟದಲ್ಲಿ ಇಂಥ ಮೊದಲ ಘಟಕ ಎಂದು ಹೆಸರಾಯಿತು.

ಇಂಥ ಘಟಕವನ್ನು ಉದ್ಘಾಟನೆಯ ದಿನದ ಫೋಟೊ ನೋಡಿ ಅಳೆಯಲಾಗದು. ಗಾಡಿ ಪ್ರತಿದಿನ ಬರಬೇಕು. ಕೆಸರು ಹಾದಿಯಲ್ಲೆಲ್ಲೋ ಕೆರೆಗೆ ಸುರಿಯದೆ ಘಟಕಕ್ಕೇ ಬಂದು ಬೀಳಬೇಕು. ಒಣಗಿಸುವ ಅಂಕಣಗಳನ್ನು ಬಳಿಯಲು ಆಳು ಬೇಕು. ಗೊಬ್ಬರ ಒಯ್ಯುವ ರೈತ ಬೇಕು. ಕಟ್ಟಲು ಒಂದು ಸಲ ದುಡ್ಡು ಸಾಕು, ನಡೆಸಲು ಪ್ರತಿತಿಂಗಳೂ ಬೇಕು. ಅನುದಾನ ಹೆಚ್ಚಾಗಿ ಸಿಗುವುದು ಕಟ್ಟಲಿಕ್ಕೆ. ನಡೆಸುವ ಖರ್ಚು ಬೀಳುವುದು ಆ ಸಣ್ಣ ಸ್ವಂತ ವರಮಾನದ ಮೇಲೆ. ನೀರಿನ ಟ್ಯಾಂಕು, ಕಸದ ಘಟಕ, ಶೌಚಾಲಯ, ಉದ್ಯಾನ, ಎಲ್ಲದರ ಕಥೆಯೂ ಇದೇ.

ಬಜೆಟ್ ಪುಸ್ತಕದ ಯಾವ ಪುಟ?

ಮುಂದಿನ ಸಲ ಉಳಿತಾಯದ ಸುದ್ದಿ ಓದಿದಾಗ ಕೊನೆಯ ಸಾಲು ಬಿಟ್ಟು ಬಜೆಟ್ ಪುಸ್ತಕದ ಕಾಲಂಗಳನ್ನು ನೋಡಿ. ಹೊಸ ವರ್ಷದ ಅಂದಾಜಿನ ಪಕ್ಕದಲ್ಲೇ ಹಿಂದಿನ ವರ್ಷದ ವಾಸ್ತವಿಕ ಲೆಕ್ಕ ಇರುತ್ತದೆ. ಎಷ್ಟು ಬರಬೇಕೆಂದು ಬರೆದಿದ್ದರು, ಎಷ್ಟು ಬಂತು? ಎಷ್ಟು ಕಾಮಗಾರಿ ಹೇಳಿದ್ದರು, ಎಷ್ಟಕ್ಕೆ ಬಿಲ್ಲು ಆಯಿತು? ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ ಬಜೆಟ್ ಹಂಚಿಕೆ ಮತ್ತು ಖರ್ಚಿನ ವಿವರವನ್ನು ಯಾರೂ ಅರ್ಜಿ ಹಾಕದೆಯೇ ಕಚೇರಿ ತಾನಾಗಿ ಪ್ರಕಟಿಸಬೇಕು.

ಬಜೆಟ್‌ಗೆ ಮುಂಚೆ ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುವ ಪದ್ಧತಿಯೂ ಇದೆ. ಸಾಮಾನ್ಯವಾಗಿ ಹೋಗುವವರು ಹತ್ತಿಪ್ಪತ್ತು ಜನ. ಹೆಚ್ಚಿನವರು ತಮ್ಮ ಓಣಿಗೆ ದೀಪ ಕೇಳಿ ಬರುತ್ತಾರೆ. ಅದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿದರೆ ಸಭೆಯ ಮಾತೇ ಬೇರೆಯಾದೀತು: ಹೋದ ವರ್ಷದ ಪುಸ್ತಕದಲ್ಲಿದ್ದ ನಮ್ಮ ಓಣಿಯ ಚರಂಡಿ ಈಗ ಯಾವ ಮೆಟ್ಟಿಲಲ್ಲಿ ನಿಂತಿದೆ, ಕ್ರಿಯಾ ಯೋಜನೆಯಲ್ಲೋ, ಟೆಂಡರ್‌ನಲ್ಲೋ, ಬಿಲ್ಲಿನಲ್ಲೋ?